ಗಾಡಿಪಡಸಾಲೆಯ ಗೋಡೆ

ವಿಜಯಪುರ
ಇಸವಿ 2231, ಎರಡನೆಯ ವೈಶಾಖದ ಕೊನೆಯ ಸೋಮವಾರ

ಮನೆಯ ಪಕ್ಕದಲ್ಲಿ ಗ್ಯಾರೇಜ್ ಕಟ್ಟಿಸಲು ಹೊರಟಿರುವವರಿಗೆ ಇರಾವತಿ ಬಿದರಕುಂದಿಯ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಬೇಸಿಗೆ ಬೆಳೆದೂ ಬೆಳೆದೂ ಒಂದು ತಿಂಗಳ ಹೆಸರಿನಲ್ಲಿ ಹಿಡಿಸದಾದಾಗ ನಮ್ಮ ಹಿರಿಯರು ವೈಶಾಖವನ್ನೇ ಎರಡು ಮಾಡಿಕೊಂಡರು. ನನ್ನ ಕನ್ನಡ ನಿಮಗೆ ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ಓದಿ ಓದಿ ಅದರಂತೆ ಬರೆಯಲು ಪ್ರಯತ್ನಿಸಿದ್ದೇನೆ, ಆದರೆ ನಮ್ಮಲ್ಲಿರುವ ಕೆಲವು ವಸ್ತುಗಳಿಗೆ ನಿಮ್ಮಲ್ಲಿ ಪದವೇ ಇಲ್ಲ. ಈ ಪತ್ರ ಹಿಂದಿನ ಕಾಲಕ್ಕೆ ಹೇಗೆ ಮುಟ್ಟುತ್ತದೆ ಎಂದು ವಿವರಿಸಲು ನನಗೆ ಬರುವುದಿಲ್ಲ. ಅಂಚೆಯವರು ಮುಟ್ಟಿಸುತ್ತೇವೆ ಎಂದಿದ್ದಾರೆ, ನಾನು ನಂಬಿದ್ದೇನೆ.

‘ಗ್ಯಾರೇಜ್’ ಎಂಬ ಮಾತು ನಮ್ಮಲ್ಲಿ ಬಳಕೆ ತಪ್ಪಿ ಬಹಳ ಕಾಲವಾಯಿತು. ಎಲ್ಲರ ಗಾಡಿಗಳೂ ಓಣಿಯ ತುದಿಯಲ್ಲಿರುವ ಗಾಡಿಮನೆಯಲ್ಲಿ ಒಟ್ಟಿಗೆ ನಿಲ್ಲುತ್ತವೆ. ಮನೆಗೇ ಅಂಟಿಕೊಂಡಂತೆ ಗಾಡಿಗೆ ಜಾಗ ಮಾಡಿಕೊಂಡವರು ನಮ್ಮ ಓಣಿಯಲ್ಲಿ ನಾವೇ ಮೊದಲಿಗರು. ಅದಕ್ಕೆ ಹೆಸರಿರಲಿಲ್ಲವಾಗಿ ಗಾಡಿಪಡಸಾಲೆ ಎಂದು ಕರೆದುಕೊಂಡೆವು.

ನಮ್ಮ ದಿನ ಹೇಗೆ ನಡೆಯುತ್ತದೆಂದು ಮೊದಲು ಹೇಳಬೇಕು. ಬೆಳಗಿನ ಬಿಸಿಲು ಏರುತ್ತಲೇ ಭೋಂಗಾ, ಅಂದರೆ ಊರಿನ ಸೈರನ್, ಕೂಗುತ್ತದೆ. ಅಲ್ಲಿಂದ ಸಂಜೆ ಅದು ಮತ್ತೆ ಕೂಗುವವರೆಗಿನ ಹೊತ್ತನ್ನು ಉರಿಹೊತ್ತು ಎನ್ನುತ್ತೇವೆ. ಆಗ ಅಂಗಡಿಗಳು ಮುಚ್ಚಿರುತ್ತವೆ, ಮಕ್ಕಳು ನೆಲದಡಿಯಲ್ಲಿ ಕಟ್ಟಿದ ಶಾಲೆಗಳಲ್ಲಿರುತ್ತಾರೆ, ಬೀದಿಯಲ್ಲಿ ನಾಯಿಯೂ ಕಾಣುವುದಿಲ್ಲ. ಬಿಸಿಲು ಇನ್ನೂ ಮೀರಿದರೆ ಭೋಂಗಾ ನಿಲ್ಲದೆ ಕೂಗುತ್ತದೆ. ಅದು ಕೆಂಪು ದಿನ. ಓಣಿಗೊಂದು ತಂಪುಕೇಂದ್ರವಿದೆ. ಅಲ್ಲಿಂದ ತಣ್ಣೀರು ಕೊಳವೆಗಳಲ್ಲಿ ಹರಿದು ಮನೆಗಳ ಗೋಡೆಗಳನ್ನು ತಣಿಸುತ್ತದೆ. ಒಂದು ಕೋಣೆಗೆ ಸಲ್ಲುವ ಈ ನೀರಿಗೆ ತಂಪುಪಾಲು ಎಂದು ಹೆಸರು. ದುಡ್ಡು ನಮ್ಮಲ್ಲೂ ಇದೆ, ಆದರೆ ಕಟ್ಟಡದಂಥ ದೊಡ್ಡ ಕೆಲಸಕ್ಕೆ ಯಾರೂ ದುಡ್ಡು ಕೇಳುವುದಿಲ್ಲ. ತಂಪುಪಾಲು ಕೇಳುತ್ತಾರೆ. ಕೊಟ್ಟವರ ಕೋಣೆ ಅಷ್ಟು ವರ್ಷ ಸುಡುತ್ತದೆ, ಪಡೆದವರ ಕೋಣೆ ತಣ್ಣಗಿರುತ್ತದೆ. ಇನ್ನೊಂದು ಮಾತು: ಎರಡು ಮನೆಗಳ ನಡುವೆ ಗಾಳಿದಾರಿ ಬಿಡಲೇಬೇಕು. ಸಂಜೆಯ ಗಾಳಿ ಅದರಲ್ಲೇ ಬರುವುದು. ಅದರೊಳಗೆ ಏನು ಕಟ್ಟುವುದಾದರೂ ಆಚೆ ಮನೆಯವರು ಒಪ್ಪಬೇಕು.

ನನ್ನ ಮಗಳು ಮಲಪ್ರಭಾಳಿಗೆ ಹುಟ್ಟಿನಿಂದ ಬೆವರು ಬರುವುದಿಲ್ಲ. ಮೈ ಕಾಯ್ದರೆ ತಾನಾಗಿ ತಣಿಯುವುದಿಲ್ಲ. ಬೇಸಿಗೆ ಕಾಲಿಟ್ಟರೆ ಮಳೆ ಬರುವವರೆಗೆ ಅವಳು ತನ್ನ ಕೋಣೆ ಬಿಟ್ಟು ಹೊರಬಂದವಳಲ್ಲ. ಶಾಲೆಯನ್ನು ಚಳಿಗಾಲದಲ್ಲಿ ಮಾತ್ರ ಕಂಡವಳು. ಹೋದ ವರ್ಷದ ಹಿಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕೋಣೆಯಲ್ಲೇ ಎಚ್ಚರ ತಪ್ಪಿ ಬಿದ್ದಳು. ನನ್ನ ಗಂಡ ಶಿವಪುತ್ರ ಒದ್ದೆ ಕಂಬಳಿ ಹೊದ್ದು ಗಾಡಿಮನೆಗೆ ಓಡಿದರು. ಅಲ್ಲಿ ಗಾಡಿ ಹಂಚಿನಂತೆ ಕಾಯ್ದಿತ್ತು. ಅದನ್ನು ತಣಿಸಿ ಮನೆ ಬಾಗಿಲಿಗೆ ತರುವಷ್ಟರಲ್ಲಿ ಹುಡುಗಿಗೆ ಫಿಟ್ಸ್ ಶುರುವಾಗಿತ್ತು. ಬದುಕಿದಳು. ಆದರೆ ಡಾಕ್ಟರು ನಮ್ಮಿಬ್ಬರನ್ನೂ ಹೊರಗೆ ಕರೆದು, ಇನ್ನೊಮ್ಮೆ ಹೀಗಾದರೆ ಗಾಡಿಮನೆಯಿಂದ ಗಾಡಿ ತರುವಷ್ಟು ಹೊತ್ತು ಅವಳಿಗಿರುವುದಿಲ್ಲ ಎಂದು ತಿಳಿಸಿ ಹೇಳಿದರು. ಗಾಡಿ ಮನೆಯೊಳಗೇ ತಣ್ಣಗೆ ನಿಂತಿರಬೇಕು, ಹಾಸಿಗೆಯಿಂದ ಎತ್ತಿ ನೇರವಾಗಿ ಅದರಲ್ಲಿ ಮಲಗಿಸುವಂತಿರಬೇಕು.

ಮನೆ ಕಟ್ಟುವ ಗೌಂಡಿ ಯಮನಪ್ಪ ಹಳ್ಳೂರ ಬಂದು ಜಾಗ ನೋಡಿದರು. ಮುಂದೆ ಓಣಿ, ಹಿಂದೆ ತಂಪುಕೇಂದ್ರದ ಗೋಡೆ. ಕಟ್ಟಿದರೆ ಗಾಳಿದಾರಿಯಲ್ಲೇ ಕಟ್ಟಬೇಕು. ಮಲಪ್ರಭಾಳ ಕೋಣೆಯ ಗೋಡೆ ಒಡೆದು ಬಾಗಿಲಿಡಬೇಕು, ಆಚೆ ಮನೆಯ ಗೋಡೆಗೆ ತೋಳಿನಳತೆಯಷ್ಟೇ ಜಾಗ ಬಿಟ್ಟು ಹೊಸ ಗೋಡೆ ಏಳಬೇಕು, ಮೇಲೆ ಚಾವಣಿ. ನಮ್ಮ ಮನೆಗೆ ಇದ್ದದ್ದು ಮೂರು ತಂಪುಪಾಲು. ಯಮನಪ್ಪ ಎರಡನ್ನು ಕೇಳಿದರು, ಹತ್ತು ವರ್ಷಕ್ಕೆ. ಅವರೇನೂ ಅನ್ಯಾಯದ ಬೆಲೆ ಹೇಳಲಿಲ್ಲ. ಬೇರೆ ಇಬ್ಬರು ಗೌಂಡಿಗಳನ್ನೂ ವಿಚಾರಿಸಿ ನೋಡಿದ್ದೆವು. ಅಡುಗೆಮನೆಯದನ್ನೂ ನಾವು ಮಲಗುವ ಕೋಣೆಯದನ್ನೂ ಕೊಟ್ಟರೆ ಉಳಿಯುವುದು ಮಗಳ ಕೋಣೆಯದೊಂದೇ. ನನಗೆ ಭಯವಾಯಿತು. ಒಂದೇ ಪಾಲಿನ ಮೇಲೆ ಮೂರು ಜೀವ ನಿಲ್ಲುವುದು ಹೇಗೆ, ಒಂದು ಬೇಸಿಗೆ ತಡೆದು ಚಳಿಗಾಲದಲ್ಲಿ ಕಟ್ಟಿಸೋಣ ಎಂದೆ. ಶಿವಪುತ್ರ ಊಟದ ತಟ್ಟೆ ಸರಿಸಿ ಕೂತರು.

“ಇನ್ನೊಂದ್ ಬ್ಯಾಸಗಿ ಕಾಯೂದಂದ್ರ ಆಕೀನ ಕಳಕೊಳ್ಳಾಕ ಕುಂತಂಗ, ಇರಾ. ನಾವು ಸೆಕಿಯಾಗ ಮಲಗೂಣು. ರೂಢಿ ಆಗತದ.”

ನಾನು ಹೂಂ ಎಂದೆ.

ಆಚೆ ಮನೆಯವಳು ಮೈಮೂನಾ ಇನಾಮದಾರ, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುವವಳು. ಮದುವೆಯಾಗಿ ಬಂದಾಗಿನಿಂದ ನಾವಿಬ್ಬರೂ ಸಂಜೆಯ ಭೋಂಗಾ ಆದೊಡನೆ ಗಾಳಿದಾರಿಯಲ್ಲಿ ಕೂತು ಕಾಳು ಆರಿಸಿದವರು. ಮೈಮೂನಾ ತನ್ನ ಗಂಡ ತೀರಿಕೊಂಡ ಮೇಲೆ ಮಾವ ಖಾದರಸಾಬರ ಜೊತೆ ಇದ್ದಳು. ಮುದುಕರಿಗೆ ಎದೆಯ ರೋಗ. ಗಾಳಿದಾರಿಯ ಕಡೆಗಿದ್ದ ಕಿಟಕಿಯ ಕೆಳಗೆ ಅವರು ಮಲಗುವ ಕಾಟು. ಸಂಜೆಯ ಗಾಳಿ ಬಂದರೆ ಅವರಿಗೆ ಉಸಿರು, ಬಾರದಿದ್ದರೆ ಒದ್ದಾಟ. ನಾವು ಒಪ್ಪಿಗೆ ಕೇಳಲು ಹೋದಾಗ ಮೈಮೂನಾ ಚಹಾ ಕೊಟ್ಟು, ನಕ್ಷೆಯನ್ನು ಪೂರ್ತಿ ನೋಡಿ, ಮಡಚಿ ನನ್ನ ಕೈಗೆ ಕೊಟ್ಟಳು.

“ನಿಮ್ಮ ಮಗಳ ಜೀವದ ಮಾತು ನನಗ ತಿಳಿತದ, ವೈನಿ. ಆದ್ರ ನಮ್ಮ ಮಾವನ ಉಸುರು ಈ ಕಿಟಕಿಗೇ ಬರತದ. ನಾ ಹೆಂಗ ಹೂಂ ಅನ್ನಲಿ?”

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ನಮ್ಮ ಮಾತಿನಲ್ಲೂ ಇರಲಿಲ್ಲ. ಕೊನೆಗೆ ವಿಷಯ ಓಣಿಯ ಪಂಚರ ಮುಂದೆ ಹೋಯಿತು. ಎದೆಮಟ್ಟದವರೆಗೆ ಗಟ್ಟಿ ಗೋಡೆ, ಅದರ ಮೇಲೆ ಗಾಳಿಯಾಡುವಂತೆ ಜಾಲಂದ್ರ ಕಟ್ಟಿಕೊಳ್ಳಬಹುದೆಂದು ಅವರು ತೀರ್ಮಾನ ಕೊಟ್ಟರು. ಮೈಮೂನಾ ಸಹಿ ಹಾಕಿ ಎದ್ದು ಹೋದಳು. ಮಾರನೆಯ ದಿನದಿಂದ ಅವಳು ಗಾಳಿದಾರಿಗೆ ಬರುವುದು ನಿಂತಿತು. ನಾನು ಹೊರಗೆ ಕಂಡರೆ ಕಿಟಕಿಯ ಪರದೆ ಇಳಿಯುತ್ತಿತ್ತು.

ಹೋದ ವರ್ಷ ಚೈತ್ರದಲ್ಲಿ ಕೆಲಸ ಶುರುವಾಯಿತು. ಅಂದೇ ತಂಪುಕೇಂದ್ರದವರು ಬಂದು ನಮ್ಮ ಎರಡು ಕೋಣೆಗಳ ಕೊಳವೆ ಮುಚ್ಚಿ ಹೋದರು. ಗಂಡ ಹೆಂಡತಿ ಒದ್ದೆ ಚಾಪೆಯ ಮೇಲೆ ಮಲಗಿ, ಬೆಳಗಾಗುವಾಗ ಒಣಗಿದ ಚಾಪೆಯಿಂದ ಏಳುತ್ತಿದ್ದೆವು. ನಾನು ಒಲೆಯ ಕೆಲಸವನ್ನೆಲ್ಲ ನಸುಕಿನಲ್ಲೇ ಮುಗಿಸಿ, ಉರಿಹೊತ್ತಿಗೆ ಮಗಳ ಕೋಣೆ ಸೇರುತ್ತಿದ್ದೆ. ಅವಳು ಹೊರಗೆ ಗಾರೆ ಮೆತ್ತುವ ಕರಣಿಯ ಸದ್ದಿಗೆ ಕಿವಿಗೊಟ್ಟು, ಗೋಡೆ ಎಲ್ಲಿಗೆ ಬಂತು ಎಂದು ವಿಚಾರಿಸುತ್ತಿದ್ದಳು. ಹೊಸ ಗೋಡೆ ಎದೆಮಟ್ಟಕ್ಕೆ ಬಂದಾಗ ಯಮನಪ್ಪ ಕೋಣೆಯ ಗೋಡೆ ಒಡೆದುಬಿಡೋಣ ಎಂದರು. ಚೌಕಟ್ಟು ಕೂತರೆ ಚಾವಣಿಯ ಮಟ್ಟ ಹಿಡಿಯುವುದು ಸುಲಭ, ಕೆಲಸ ಬೇಗ ಆಗುತ್ತದೆ, ಬಿರುಬಿಸಿಲಿಗೆ ಇನ್ನೂ ಸಮಯವಿದೆ ಎಂಬುದು ಅವರ ಲೆಕ್ಕ. ನಮಗೂ ಬೇಗ ಆಗುವುದೇ ಬೇಕಿತ್ತು. ಗೋಡೆ ಒಡೆದರು. ಆ ಬಾಯಿಗೆ ನಾನು ಹೊದೆಯುವ ದಪ್ಪನೆಯ ಕೌದಿಗಳನ್ನು ಎರಡು ಪದರವಾಗಿ ಕಟ್ಟಿದೆ.

ಕೆಂಪು ದಿನ ಆ ವಾರವೇ ಬಂತು. ಯಾರೂ ಎಣಿಸಿರಲಿಲ್ಲ. ಬೆಳಗಿನ ಭೋಂಗಾ ಕೂಗಿ ನಿಲ್ಲಬೇಕಾದದ್ದು ನಿಲ್ಲಲೇ ಇಲ್ಲ. ಯಮನಪ್ಪನ ಕಡೆಯವರು ಕೆಲಸ ಬಿಟ್ಟು ಮನೆ ಸೇರಿದರು. ಕೆಂಪು ದಿನ ಕೇಂದ್ರದವರು ಎಲ್ಲರ ತಂಪನ್ನೂ ಅರ್ಧಕ್ಕಿಳಿಸುತ್ತಾರೆ, ಇಲ್ಲವಾದರೆ ಯಂತ್ರ ಕೆಡುತ್ತದೆ. ನಮಗೆ ಉಳಿದ ಒಂದು ಪಾಲೂ ಅರ್ಧವಾಯಿತು, ಅದೂ ಗೋಡೆ ಒಡೆದ ಕೋಣೆಯಲ್ಲಿ. ಕೌದಿಗೆ ಕೈಯಿಟ್ಟರೆ ಆಗಷ್ಟೇ ಇಸ್ತ್ರಿ ಮಾಡಿದಂತಿತ್ತು. ಅದರ ಅಂಚಿನಿಂದ ಬಿಸಿ ಒಳಗೆ ಬರುತ್ತಿರುವುದು ಕಾಲಿಗೆ ಗೊತ್ತಾಗುತ್ತಿತ್ತು. ಮೊದಲು ಮಲಪ್ರಭಾಳ ಕಿವಿ ಕೆಂಪಾಯಿತು. ಆಮೇಲೆ ನಾನು ಕೇಳಿದ್ದಕ್ಕೆ ತಡವಾಗಿ ಉತ್ತರ ಕೊಡತೊಡಗಿದಳು. ಶಿವಪುತ್ರ ಕಂಬಳಿಯನ್ನು ನೀರಿನಲ್ಲಿ ಅದ್ದಿ ಹೊದ್ದುಕೊಂಡು ಗಾಡಿಮನೆಯತ್ತ ಹೊರಟರು.

ಅವಳ ಮೈಗೆ ಬಟ್ಟೆ ಒದ್ದೆ ಮಾಡಿ ಹಾಕುತ್ತಿದ್ದೆ. ಹಾಕಿದ್ದು ಅಲ್ಲೇ ಆರುತ್ತಿತ್ತು. ಕೊಡದ ನೀರೂ ಬೆಚ್ಚಗಾಗಿತ್ತು. ಗಂಡ ಬರಲಿಲ್ಲ. ಹುಡುಗಿ ಕಣ್ಣು ತೆರೆದಿದ್ದರೂ ನನ್ನನ್ನು ನೋಡುತ್ತಿರಲಿಲ್ಲ. ಅಷ್ಟರಲ್ಲಿ ಕೌದಿಯ ಆಚೆಯಿಂದ ನನ್ನನ್ನು ಕೂಗಿದ್ದು ಕೇಳಿಸಿತು. ಸರಿಸಿ ನೋಡಿದೆ. ಮೈಮೂನಾ ತನ್ನ ಕಿಟಕಿಯ ಸರಳುಗಳ ಚೌಕಟ್ಟನ್ನೇ ಕಿತ್ತು ಒಳಗಿಟ್ಟಿದ್ದಳು. ಅವಳ ಮನೆಯ ಗೋಡೆಗಳು ಇಡಿಯಾಗಿದ್ದವು, ತಂಪುಪಾಲುಗಳು ಅರ್ಧಕ್ಕಿಳಿದಿದ್ದರೂ ಒಂದನ್ನೂ ಅವಳು ಕೊಟ್ಟಿರಲಿಲ್ಲ.

“ಹುಡುಗೀನ ಇತ್ತ ಕೊಡ್ರಿ, ವೈನಿ.”

ನಡುವೆ ನಮ್ಮದೇ ಗೋಡೆ ನಿಂತಿತ್ತು. ಮಗಳನ್ನು ಒದ್ದೆ ಕೌದಿಯಲ್ಲಿ ಸುತ್ತಿ ಎತ್ತಿಕೊಂಡು ಹೊರಗೆ ಕಾಲಿಟ್ಟೆ. ಬಿಸಿಲು ತಲೆಯ ಮೇಲೆ ಏಟು ಹಾಕಿದಂತೆ ಬಿತ್ತು. ಅಷ್ಟು ದೊಡ್ಡ ಹುಡುಗಿಯನ್ನು ಎದೆಮಟ್ಟದ ಗೋಡೆಯ ಮೇಲೆ ಎತ್ತಲು ಮೊದಲ ಸಲ ನನ್ನಿಂದಾಗಲಿಲ್ಲ. ಎರಡನೆಯ ಸಲ ಮೊಣಕೈಯನ್ನು ಇಟ್ಟಿಗೆಗೆ ಊರಿ ಎತ್ತಿದೆ. ಚರ್ಮ ಸುಟ್ಟ ವಾಸನೆ ನನಗೇ ಬಂತು. ಮೈಮೂನಾ ಸೊಂಟದವರೆಗೆ ಕಿಟಕಿಯಿಂದ ಹೊರಗೆ ಬಾಗಿ ಅವಳ ತೋಳುಗಳ ಕೆಳಗೆ ಕೈ ಹಾಕಿ ಎಳೆದುಕೊಂಡಳು. ನಾನು ಹೇಗೆ ಗೋಡೆ ಹತ್ತಿ ಆ ಕಿಟಕಿಯಲ್ಲಿ ಬಿದ್ದೆನೋ ನೆನಪಿಲ್ಲ.

ಖಾದರಸಾಬರು ಆಗಲೇ ಕಾಟು ಬಿಟ್ಟು ನೆಲದ ಮೇಲೆ ಗೋಡೆಗೊರಗಿ ಕೂತಿದ್ದರು. ಹುಡುಗಿಯನ್ನು ಆ ಕಾಟಿನ ಮೇಲೆ ಮಲಗಿಸಿದೆವು. ಮೈಮೂನಾ ಮಡಕೆಯ ತಣ್ಣೀರನ್ನು ಅವಳ ಕತ್ತಿಗೆ, ಕಂಕುಳಿಗೆ ಒರೆಸುತ್ತ ಹೋದಳು, ನಾನು ಬೀಸುತ್ತ ಹೋದೆ. ಆದರೆ ಕಿಟಕಿ ಬಾಯಿ ತೆರೆದಿತ್ತು, ಬಿಸಿ ಅಲ್ಲಿಯೂ ನುಗ್ಗಿತ್ತು. ಮುದುಕರ ಉಸಿರು ಸೀಟಿಯಂತೆ ಕೇಳತೊಡಗಿತು. ಮೈಮೂನಾ ಒಮ್ಮೆ ಹುಡುಗಿಯ ಕಡೆಗೆ, ಒಮ್ಮೆ ಮಾವನ ಕಡೆಗೆ ನೋಡಿದಳು. ಅವರು ಕೈ ಎತ್ತಿ ಕೂಸನ್ನು ನೋಡಿಕೋ ಎಂದು ಸನ್ನೆ ಮಾಡಿದರು. ಅವಳು ನೀರಿನ ಬಟ್ಟೆ ಕೆಳಗಿಡಲಿಲ್ಲ. ಆ ಹೊತ್ತು ನಾನು ಏನನ್ನು ಬೇಡಿಕೊಂಡೆ ಎಂದು ಬರೆಯಲಾರೆ. ಯಾರಾದರೊಬ್ಬರ ಕಡೆಗೆ ವಾಲದೆ ಬೇಡಿಕೊಳ್ಳುವುದು ತಾಯಿಗೆ ಆಗುವುದಿಲ್ಲ.

ಶಿವಪುತ್ರ ಗಾಡಿ ತಂದು ಮಗಳ ಕೋಣೆಗೆ ನುಗ್ಗಿ, ಖಾಲಿ ಹಾಸಿಗೆ ಕಂಡು ಅರಚಿದ್ದು ನಮಗೆ ಕೇಳಿಸಿತು. ನಾನು ಕೂಗಿದೆ. ಗಾಡಿಯನ್ನು ಮೈಮೂನಾಳ ಬಾಗಿಲಿಗೆ ತಿರುಗಿಸಿ ತಂದರು. ಇಬ್ಬರನ್ನೂ ಅದೇ ಗಾಡಿಯಲ್ಲಿ ಮಲಗಿಸಿದೆವು, ಹುಡುಗಿಯ ತಲೆ ನನ್ನ ತೊಡೆಯ ಮೇಲೆ, ಮುದುಕರ ತಲೆ ಮೈಮೂನಾಳ ತೊಡೆಯ ಮೇಲೆ. ಶಿವಪುತ್ರ ಗಾಡಿಯನ್ನು ಆಸ್ಪತ್ರೆಗೆ ಓಡಿಸಿದರು. ಸಂಜೆಯ ಭೋಂಗಾದ ಹೊತ್ತಿಗೆ ಮಲಪ್ರಭಾ ನೀರು ಕೇಳಿದಳು. ಖಾದರಸಾಬರು ಮೂರು ದಿನ ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿ, ಆಮೇಲೆ ಎದ್ದು ಕೂತರು.

ಗೋಡೆ ಕೆಡವಿಸುತ್ತೇವೆ ಎಂದು ಶಿವಪುತ್ರ ಆಸ್ಪತ್ರೆಯಲ್ಲೇ ಮೈಮೂನಾಳಿಗೆ ಹೇಳಿದರು. ಅವಳು ಬೇಡವೆಂದಳು.

“ಗೋಡಿ ನಿಂದರೂದಾದ್ರ ಎರಡೂ ಮನಿಗೆ ನಿಂದರಲಿ ಅಣ್ಣಾರ. ನಮ್ಮ ಕಡೀನೂ ಒಂದ್ ಬಾಗಲಾ ಇಡ್ರಿ.”

ಹಾಗೆಯೇ ಆಯಿತು. ಗಾಳಿದಾರಿಯ ಪೂರ್ತಿ ಅಗಲಕ್ಕೆ ಚಾವಣಿ ಎತ್ತರಿಸಿ ಹಾಕಿದೆವು. ಓಣಿಯ ಕಡೆಗೂ ಹಿಂದಿನ ಕಡೆಗೂ ಜಾಲಂದ್ರದ ಕದಗಳು, ಉರಿಹೊತ್ತಿಗೆ ಮುಚ್ಚಲು, ಸಂಜೆ ತೆರೆಯಲು. ನಡುವೆ ನಿಂತಿದ್ದ ಗೋಡೆಯ ಇಟ್ಟಿಗೆಗಳನ್ನು ಬಿಡಿಸಿ ಆ ಕದಗಳನ್ನು ಹಿಡಿದ ಕಂಬಗಳಿಗೆ ಬಳಸಿದರು, ಹೀಗೆ ಆ ಗೋಡೆ ಎರಡೂ ಮನೆಗೆ ನಿಂತಿತು. ಮೈಮೂನಾ ತನ್ನ ಒಂದು ತಂಪುಪಾಲನ್ನು ಗಾಡಿಪಡಸಾಲೆಗೆ ಬಿಟ್ಟುಕೊಟ್ಟಳು. ಯಮನಪ್ಪ ತಮ್ಮ ಆತುರದ ಲೆಕ್ಕಕ್ಕಾಗಿ ನಮ್ಮ ಅಡುಗೆಮನೆಯದನ್ನು ತಾವಾಗಿಯೇ ಹಿಂದಿರುಗಿಸಿದರು. ನಾವು ಮಲಗುವ ಕೋಣೆ ಇನ್ನೂ ಸುಡುತ್ತದೆ, ಈ ಬೇಸಿಗೆಯೂ ಸೇರಿ ಇನ್ನೂ ಒಂಬತ್ತು ಬೇಸಿಗೆ ಸುಡಲಿದೆ. ರೂಢಿಯಾಗುತ್ತದೆ ಎಂದಿದ್ದರು ಗಂಡ, ಆಗಿಲ್ಲ. ಖಾದರಸಾಬರು ಹಗಲೆಲ್ಲ ಗಾಡಿಯ ಪಕ್ಕದಲ್ಲೇ ಕಾಟು ಹಾಕಿಸಿಕೊಂಡಿದ್ದು, ಆಮೇಲೆ ಬಂದ ಚಳಿಗಾಲದಲ್ಲಿ ಒದ್ದಾಡದೆ ಕಣ್ಣು ಮುಚ್ಚಿದರು.

ನಿಮಗೆ ನಾನು ಹೇಳಬೇಕಾದದ್ದು ಇಷ್ಟೆ. ಮೊದಲು ಚಾವಣಿ ಹಾಕಿಸಿ, ಮನೆಯ ಗೋಡೆಯನ್ನು ಆಮೇಲೆ ಒಡೆಯಿರಿ. ಗೌಂಡಿ ಎಷ್ಟೇ ಧೈರ್ಯ ಹೇಳಲಿ, ನಿಮಗೆ ಎಷ್ಟೇ ಅವಸರವಿರಲಿ. ಕೈಯಲ್ಲಿರುವುದನ್ನೆಲ್ಲ ಕಟ್ಟಡಕ್ಕೆ ಸುರಿಯಬೇಡಿ, ಕೆಲಸ ನಡುವೆ ನಿಂತ ದಿನಕ್ಕೆ ಸ್ವಲ್ಪ ಉಳಿಸಿಕೊಳ್ಳಿ. ನಕ್ಷೆಯ ಗೆರೆ ಎಳೆಯುವ ಮುಂಚೆ ಆಚೆ ಮನೆಗೆ ಹೋಗಿ, ಆ ಗೆರೆ ಅವರಿಗೆ ಎಲ್ಲಿ ತಾಗುತ್ತದೆ ಎಂದು ಕೇಳಿ. ಪಂಚರು ಗೋಡೆಯ ಎತ್ತರವನ್ನು ಮಾತ್ರ ತೀರ್ಮಾನಿಸಬಲ್ಲರು.

ಇದನ್ನು ಇವತ್ತೇ ಬರೆಯುತ್ತಿರುವುದಕ್ಕೆ ಕಾರಣವಿದೆ. ಶಾಲೆಯಲ್ಲಿ ಇಂದು ಪರೀಕ್ಷೆ. ಬೇಸಿಗೆಯ ಹಗಲಿನಲ್ಲಿ ಮಲಪ್ರಭಾ ಆಸ್ಪತ್ರೆಗಲ್ಲದೆ ಬೇರೆಡೆಗೆ ಮೊದಲ ಬಾರಿಗೆ ಮನೆ ಬಿಟ್ಟು ಹೋಗಿದ್ದಾಳೆ. ಶಿವಪುತ್ರ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದಾರೆ, ಗಾಡಿ ನಡೆಸುತ್ತಿರುವವಳು ಮೈಮೂನಾ. ಅವರು ಹೊರಟ ಸ್ವಲ್ಪ ಹೊತ್ತಿಗೆ ಭೋಂಗಾ ಮತ್ತೆ ಶುರುವಾಗಿ ಇನ್ನೂ ನಿಂತಿಲ್ಲ. ಶಾಲೆ ನೆಲದಡಿಯಲ್ಲಿದೆ, ಗಾಡಿ ತಣ್ಣಗಿದೆ, ಎಲ್ಲ ಗೊತ್ತು. ಆದರೂ ಸುಮ್ಮನೆ ಕೂರಲಾಗದೆ, ಖಾಲಿ ಗಾಡಿಪಡಸಾಲೆಯಲ್ಲಿ ಮಣೆ ಹಾಕಿಕೊಂಡು ನಿಮಗೆ ಬರೆಯತೊಡಗಿದೆ. ಬರೆಯುತ್ತ ಬರೆಯುತ್ತ ಕೈ ಎಷ್ಟೋ ಸಲ ನಿಂತಿದೆ.

ಓಣಿಯ ತಿರುವಿನಲ್ಲಿ ಗಾಡಿಯ ಸದ್ದು. ಕದ ತೆರೆಯಿತು, ಮುಚ್ಚಿತು. ಮಲಪ್ರಭಾ ಗಣಿತದ ಮೇಷ್ಟ್ರನ್ನು ಬೈಯುತ್ತ ಇಳಿಯುತ್ತಿದ್ದಾಳೆ, ಮೈಮೂನಾ ನಗುತ್ತಿದ್ದಾಳೆ. ನಿಮ್ಮ ಕೆಲಸ ಸುಸೂತ್ರವಾಗಲಿ. ನಾನು ಏಳುತ್ತೇನೆ.