ಹೆಸರು ಬರೆಯಬೇಡಿ ಎಂದಿರಿ

ಪಟ್ಟಂ, ಶುಕ್ರವಾರ

ಸುಮತಿ ಟೀಚರ್ ಅವರಿಗೆ,

ಈ ಮಲಯಾಳಂ ಊರಿನಲ್ಲಿ ನೀವು ಕಾಸರಗೋಡಿನ ಕನ್ನಡದವರು, ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಂಬಾಕು ಸಮೀಕ್ಷೆಯ ಹಾಳೆ ಹಂಚುವಾಗ "ಹೆಸರು ಬೇಡ, ನಿಜ ಬರೀರಿ ಮಕ್ಕಳೇ" ಎಂದವರು ನೀವು. ನನ್ನ ಮಗಳು ಸಂಹಿತಾ ನಂಬಿದಳು. ಒಮ್ಮೆ ಸಿಗರೇಟು ಸೇದಿದ್ದೇನೆ ಎಂದು ಬರೆದಳು. ನೀವು ನೋಟ್‌ಬುಕ್ ತೆರೆದು, ಕೈಬರಹ ಹೋಲಿಸಿ, ಅವಳನ್ನು ಶಾಲೆಯಿಂದ ಹೊರಗೆ ಹಾಕಿದಿರಿ. ಇದು ಸಮೀಕ್ಷೆಯಲ್ಲ, ಬೋನು! ಉಳಿದ ನಲವತ್ತು ಮಕ್ಕಳು ಇನ್ನು ಜನ್ಮದಲ್ಲಿ ನಿಜ ಬರೆಯುವುದಿಲ್ಲ.

ಅದೇ ಹಾಳೆಯ "ಎಲ್ಲಿಂದ ಸಿಕ್ಕಿತು?" ಎಂಬ ಪ್ರಶ್ನೆಗೂ ಅವಳು ಉತ್ತರಿಸಿದ್ದಾಳೆ: ಅಪ್ಪನ ಅಂಗಿಯ ಜೇಬಿನಿಂದ. ಅದನ್ನು ಓದಿಯೂ ನನ್ನನ್ನೇಕೆ ಕರೆಸಲಿಲ್ಲ?

ಸೋಮವಾರದ ಪರೀಕ್ಷೆಗೆ ಅವಳು ಬಂದೇ ಬರುತ್ತಾಳೆ, ಒಳಗೆ ಬಿಡಿ. ಹೊರಗೆ ನಿಲ್ಲಬೇಕಾದವನು ನಾನು. ಗೇಟಿನ ಬಳಿ ನಿಂತಿರುತ್ತೇನೆ, ಜೇಬು ಖಾಲಿ ಮಾಡಿಕೊಂಡು.

ಕೃಷ್ಣಾನಂದ,
ಸಂಹಿತಾಳ ಅಪ್ಪ