ಎಣ್ಣೆ ಎಣ್ಣೇನೇ ಎಂದವರಿಗೆ

ಮನೆ ಹಿಂದಿನ ಲೇತ್ ಕೋಣೆಯಿಂದ,
ಭಾನುವಾರ, ಜೂನ್ ಹದಿನಾಲ್ಕು

ನಮ್ಮ ಮನೆಯವರಿಗೆ,

ನಮಸ್ಕಾರ. ‘ಪ್ರೀತಿಯ’ ಎಂದು ಬರೆಯುವಷ್ಟು ನನ್ನ ಸಿಟ್ಟು ಇಳಿದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ, ಮಾಡಿಕೊಂಡರೂ ಅಡ್ಡಿಯಿಲ್ಲ. ನಿಮ್ಮ ಸೊಂಟನೋವು ಹೇಗಿದೆ? ನಿಮ್ಮ ತಂಗಿ ಮನೆಯ ಮೆತ್ತನೆ ಹಾಸಿಗೆ ನಿಮಗೆ ಆಗಿಬರುವುದಿಲ್ಲ, ಚಾಪೆ ಹಾಸಿಕೊಂಡು ಮಲಗಿ. ಮಾತ್ರೆ ಮರೆಯಬೇಡಿ. ಫೋನ್ ಮಾಡಿದಾಗಲೆಲ್ಲ ನಾದಿನಿಯ ಬಾಯಲ್ಲಿ ‘ಅಣ್ಣ ಸ್ನಾನಕ್ಕೆ ಹೋಗಿದಾನೆ ಅತ್ತಿಗೆ’ ಎಂದು ಹೇಳಿಸುತ್ತೀರಿ. ಒಂದು ವಾರದಿಂದ ಸ್ನಾನ ಮಾಡುತ್ತಲೇ ಇದ್ದೀರಾ? ಅದಕ್ಕೇ ಈ ಕಾಗದ.

ನಾನು ಪೇಟೆಗೆ ಹೋಗಿ ಬರುವಷ್ಟರಲ್ಲಿ, ಲೇತ್ ಕೋಣೆಯ ಕಪಾಟು ಚೊಕ್ಕಟ ಮಾಡುತ್ತೇನೆಂದು ಹೊರಟು, ಅದರಲ್ಲಿದ್ದ ನಾಲ್ಕೂ ಡಬ್ಬಿಯ ಎಣ್ಣೆಯನ್ನು ಒಂದೇ ಕ್ಯಾನಿಗೆ ಸುರಿದಿರಲ್ಲ, ಯಾವ ಧೈರ್ಯದಲ್ಲಿ ಸುರಿದಿರಿ? ಅಷ್ಟು ಸಾಲದೆಂದು ಅದನ್ನೇ ಲೇತಿಗೂ ಹೊಯ್ದಿರಿ. ನಾನು ಕಕ್ಕಾಬಿಕ್ಕಿಯಾಗಿ ನಿಂತರೆ ‘ಎಣ್ಣೆ ಎಣ್ಣೇನೇ ಕಣೆ, ನೋಡು ಎಷ್ಟು ಜಾಗ ಉಳೀತು’ ಎಂದು ನಕ್ಕಿರಿ. ಜೀವಮಾನವೆಲ್ಲ ಪುಸ್ತಕದಂಗಡಿ ನಡೆಸಿದವರು ನೀವು. ನಾನು ಬಂದು ನಿಮ್ಮ ಪುಸ್ತಕಗಳ ಹಾಳೆಯನ್ನೆಲ್ಲ ಕಿತ್ತು, ಒಂದೇ ರಟ್ಟಿನೊಳಗೆ ಹೊಲಿದಿಟ್ಟು, ‘ಕಾಗದ ಕಾಗದಾನೇ ಕಣ್ರೀ’ ಎಂದಿದ್ದರೆ ಸುಮ್ಮನಿರುತ್ತಿದ್ದಿರಾ?

ಈಗಲಾದರೂ ಕಿವಿಗೆ ಹಾಕಿಕೊಳ್ಳಿ. ಲೇತಿನಲ್ಲಿ ಕಬ್ಬಿಣದ ತುಂಡನ್ನು ಹಿಡಿದು ಗಿರಗಿರನೆ ತಿರುಗುತ್ತದಲ್ಲ, ಆ ಸ್ಪಿಂಡಲಿಗೆ ತೆಳ್ಳನೆಯ ಎಣ್ಣೆಯೇ ಆಗಬೇಕು. ಮಂದವಾದದ್ದು ಹಾಕಿದರೆ ಬಿಸಿಯೇರಿ ಕಚ್ಚಿಕೊಂಡು ಕೂರುತ್ತದೆ. ಗೇರಿನ ಹಲ್ಲುಗಳಿಗೆ ಮಂದ ಎಣ್ಣೆ, ತೆಳುವಾದದ್ದು ಅಲ್ಲಿ ನಿಲ್ಲುವುದೇ ಇಲ್ಲ. ಉಳಿ ಹಿಡಿದ ಭಾಗ ಹಿಂದೆ ಮುಂದೆ ಜಾರುವ ಹಳಿಗೆ, ಒಸರಿ ಹೋಗದೆ ಅಂಟಿಕೊಂಡಿರುವ ಬೇರೆಯದೇ ಎಣ್ಣೆ. ನಾಲ್ಕನೆಯದು ನಮ್ಮ ಹಳೇ ಕಾರಿನ ಎಂಜಿನ್ನಿನದು. ಅದು ಕಸವನ್ನು ತಳಕ್ಕಿಳಿಯಲು ಬಿಡದೆ ತನ್ನ ಜೊತೆಗೇ ಸುತ್ತಾಡಿಸುತ್ತದೆ. ಕಾರಿನಲ್ಲಾದರೆ ಸೋಸಲು ಫಿಲ್ಟರ್ ಇದೆ, ನಮ್ಮಪ್ಪನ ಲೇತಿಗೆ ಎಲ್ಲಿಂದ ಬರಬೇಕು? ಇದನ್ನೆಲ್ಲ ಮದುವೆಯಾದಾಗಿನಿಂದ ಹೇಳುತ್ತಾ ಬಂದಿದ್ದೇನೆ. ನೀವು ಪೇಪರಿನಿಂದ ತಲೆಯೆತ್ತದೆ ‘ಹ್ಞೂಂ’ ಎನ್ನುತ್ತಾ ಬಂದಿದ್ದೀರಿ.

‘ತಲೇಲಿ ಏನ್ ತುಂಬ್ಕೊಂಡಿದೀರಿ’ ಎಂದು ನಾನು ಕೇಳಿದ್ದು ನಿಜ. ಪಕ್ಕದ ಮನೆಯವರ ಎದುರಿಗೇ ಕೇಳಿದ್ದೂ ನಿಜ. ಅಪ್ಪ ನನ್ನ ಕೈಗೆ ಕೊಟ್ಟುಹೋದದ್ದು ಆ ಲೇತೊಂದೇ. ಅದು ಕೆಟ್ಟು ಕೂತರೆ ಪಂಪಿಗೆ ಹಾಕುವ ಬಳೆಯಂಥ ಬುಷ್‌ಗಳನ್ನು ಎಲ್ಲಿ ಕಡೆಯಲಿ? ಅಷ್ಟಕ್ಕೇ ಮುಖ ಊದಿಸಿಕೊಂಡು, ಚೀಲ ಹೆಗಲಿಗೇರಿಸಿ ಹೊರಟೇಬಿಡುವುದೇ? ಸುರಿದವರು ನೀವು, ತೊಳೆದವಳು ನಾನು, ಮುನಿಸು ಮಾತ್ರ ನಿಮ್ಮದು! ಒಬ್ಬಳೇ ಬಸಿದು, ಒರೆಸಿ, ಹೊಸ ಎಣ್ಣೆಗಳನ್ನು ತಂದು ಹಾಕಿದೆ. ಪುಣ್ಯಕ್ಕೆ ಸ್ಪಿಂಡಲ್ ಉಳಿದಿದೆ, ಓಡಿಸಿ ಕೈಯಿಟ್ಟು ನೋಡಿದೆ, ತಣ್ಣಗಿದೆ. ಈಗ ಪ್ರತಿ ಡಬ್ಬಿಯ ಮೇಲೂ ಯಾವುದಕ್ಕೆಂದು ದಪ್ಪಕ್ಷರದಲ್ಲಿ ಬರೆದಿಟ್ಟಿದ್ದೇನೆ. ಪುಸ್ತಕದಂಗಡಿಯವರಿಗೆ ಅಷ್ಟಾದರೂ ಓದಲು ಬರುತ್ತದೆ ಎಂದುಕೊಂಡಿದ್ದೇನೆ.

ನಾದಿನಿಗೆ ನನ್ನ ನೆನಪು ಹೇಳಿ, ಅವಳ ಮಕ್ಕಳಿಗೆ ಆಶೀರ್ವಾದ. ನಿಮಗೆ ಸದ್ಯಕ್ಕೆ ಏನೂ ಇಲ್ಲ.

ಇಂತಿ,
ಇನ್ನೂ ಸಿಟ್ಟಿನಲ್ಲೇ ಇರುವ
ನಿಮ್ಮ ಹೆಂಡತಿ

ಮರೆತಿದ್ದೆ: ನೀವು ಕಲಸಿಟ್ಟ ಆ ಎಣ್ಣೆಯನ್ನು ಚೆಲ್ಲಲು ಮನಸ್ಸು ಬಾರದೆ ಗೇಟಿನ ಕೀಲುಗಳಿಗೆ ಬಿಟ್ಟೆ. ಇಷ್ಟು ವರ್ಷ ಕಿರ್ರೋ ಎಂದು ಕಿರುಚುತ್ತಿದ್ದ ಗೇಟು ಈಗ ತುಟಿಪಿಟಕ್ ಎನ್ನುವುದಿಲ್ಲ. ಅದೇ ದೊಡ್ಡ ತೊಂದರೆಯಾಗಿದೆ. ಮೊದಲಾದರೆ ಲೇತ್ ಮುಂದೆ ನಿಂತಲ್ಲೇ ನೀವು ಬಂದಿರೆಂದು ಗೊತ್ತಾಗುತ್ತಿತ್ತು. ಈಗ ಮತ್ತೆ ಮತ್ತೆ ಲೇತ್ ನಿಲ್ಲಿಸಿ, ಬಾಗಿಲಿಗೆ ಬಂದು ನೋಡಿ ಹೋಗುತ್ತಿದ್ದೇನೆ. ಒಂದು ಬುಷ್ಷೂ ಮುಗಿಯುತ್ತಿಲ್ಲ. ಬೇಗ ಬನ್ನಿ. ಬಂದಾಗ ಗೇಟಿನಿಂದಲೇ ಒಂದು ಸಲ ಕೂಗಿ.