ಆರು ಗಂಟೆ ಎಂದು ಕೂಗಿದ ಹುಡುಗನಿಗೆ ಒಂದು ಕೋಣೆ ಕೊಡಿ

ಮಾನ್ಯ ಹೆಡ್ಮಾಸ್ತರರೇ,

ಹಿರೇಗುಂಟನೂರಿನ ಕರಿಸಿದ್ದ ಎಂಬ ಹುಡುಗನನ್ನು ತಾವು ಮೋಸಗಾರನೆಂದು ಕರೆದಿದ್ದೀರಿ. ಬಾಯಿಮಾತಿನಲ್ಲಿ ಕರೆದಿದ್ದರೆ ಗಾಳಿಗೆ ಹೋಗುತ್ತಿತ್ತೇನೋ. ತಾವು ಶಾಲೆಯ ಗೇಟಿನ ಹಲಗೆಯ ಮೇಲೆ ದುಂಡಾದ ಅಕ್ಷರಗಳಲ್ಲಿ ಬರೆಸಿದ್ದೀರಿ: ಪ್ರವೇಶ ಪರೀಕ್ಷೆಯಲ್ಲಿ ಮೋಸ ಮಾಡಿದ್ದರಿಂದ ಹೊರಗೆ ಹಾಕಲಾಗಿದೆ, ಮುಂದೆ ಎಂದೂ ಈ ಪರೀಕ್ಷೆಗೆ ಕೂರುವಂತಿಲ್ಲ. ಹುಡುಗ ಮೋಸ ಮಾಡಿಲ್ಲ. ಇದನ್ನು ತಮಗೆ ಖಾಸಗಿಯಾಗಿ ಬರೆದು ತಿಳಿಸಿದೆ, ಉತ್ತರ ಬರಲಿಲ್ಲ. ಹುಡುಗನ ತಾಯಿಯನ್ನು ಕರೆದುಕೊಂಡು ತಮ್ಮ ಕಚೇರಿಗೇ ಬಂದೆ. ಅಲ್ಲಿ ಸಿಕ್ಕಿದ ಉತ್ತರವನ್ನು ಮುಂದೆ ಬರೆಯುತ್ತೇನೆ. ಈಗ ಪತ್ರಿಕೆಯ ಮೂಲಕ, ಊರೆಲ್ಲ ಓದಲಿ ಎಂದೇ ಬರೆಯುತ್ತಿದ್ದೇನೆ. ಸಂಕ್ರಾಂತಿ ಕಳೆದ ಕೂಡಲೇ ತಮ್ಮ ತರಗತಿಗಳು ತೆರೆಯುತ್ತವೆ. ಅದೇ ಹೊತ್ತಿಗೆ ಹುಡುಗನ ಸೋದರಮಾವನ ಕುರಿಹಿಂಡು, ಕೊಯ್ಲಾದ ಭತ್ತದ ಗದ್ದೆಗಳಲ್ಲಿ ತಂಗಲು ಪಡುವಣ ಸೀಮೆಗೆ ಹೊರಡುತ್ತದೆ. ಹಿಂಡಿಗೆ ಒಬ್ಬ ಹುಡುಗ ಬೇಕಾಗಿದ್ದಾನೆ. ಒಮ್ಮೆ ಅವನ ಹೆಗಲಿಗೆ ಕಂಬಳಿ ಬಿದ್ದರೆ ಮತ್ತೆ ಪುಸ್ತಕದ ಚೀಲ ಬೀಳುವುದಿಲ್ಲ.

ಆ ದಿನ ಏನು ನಡೆಯಿತೆಂದು ಪತ್ರಿಕೆಯ ಓದುಗರಿಗೆ ತಿಳಿದಿಲ್ಲ. ಲೆಕ್ಕದ ಪ್ರಶ್ನೆಯಲ್ಲಿ ಒಂದು ತೊಟ್ಟಿ ಇತ್ತು, ಅದಕ್ಕೆ ಎರಡು ನಲ್ಲಿ. ಒಂದನ್ನೇ ಬಿಟ್ಟರೆ ತೊಟ್ಟಿ ಹತ್ತು ಗಂಟೆಯಲ್ಲಿ ತುಂಬುತ್ತದೆ, ಇನ್ನೊಂದನ್ನೇ ಬಿಟ್ಟರೆ ಹದಿನೈದು ಗಂಟೆಯಲ್ಲಿ. ಎರಡನ್ನೂ ಬಿಟ್ಟರೆ ಎಷ್ಟು ಹೊತ್ತು? ಹುಟ್ಟಿದಾಗಿನಿಂದ ನಲ್ಲಿಯನ್ನೇ ಕಾಣದ ಆ ಹುಡುಗ ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ, ಥಟ್ಟನೆ ಎದ್ದು ಕೈಕಟ್ಟಿ ನಿಂತು "ಆರು ಗಂಟೆ ಸಾಮೀ!" ಎಂದು ಇಡೀ ಹಾಲಿಗೆ ಕೇಳುವಂತೆ ಕೂಗಿದ. ತಮ್ಮ ಮೇಲ್ವಿಚಾರಕರು ಬೆಚ್ಚಿಬಿದ್ದು "ಏಯ್, ಏನದು?" ಎಂದರಂತೆ. ಪಾಪ, ಹೇಗೆ ಬಂತೆಂದು ಕೇಳುತ್ತಿದ್ದಾರೆ ಎಂದುಕೊಂಡ ಅವನು ಇನ್ನೂ ಗಟ್ಟಿಯಾಗಿ ಬಿಡಿಸಿ ಹೇಳಿದ: "ಮೂವತ್ತು ಗಂಟೆ ಬಿಟ್ರೆ ಒಂದ್ರಾಗೆ ಮೂರು ತೊಟ್ಟಿ, ಇನ್ನೊಂದ್ರಾಗೆ ಎರಡು ತೊಟ್ಟಿ. ಒಟ್ಟು ಐದಾತು. ಒಂದಕ್ಕೆ ಆರೇ ಗಂಟೆ ಸಾಮೀ!" ಕಿವಿ ಹಿಡಿದು ಅವನನ್ನು ಹೊರಗೆ ನಿಲ್ಲಿಸಿದರು. ಬಿಸಿಲಲ್ಲಿ ನಿಂತೇ ಇದ್ದನಂತೆ. ಶಿಕ್ಷೆಯೆಂದು ಅವನಿಗೆ ಗೊತ್ತಾಗಲಿಲ್ಲ. ಮೊದಲು ಹೇಳಿದವನನ್ನು ಬೇರೆ ನಿಲ್ಲಿಸುತ್ತಾರೆ ಎಂದುಕೊಂಡಿದ್ದ.

ಹಾಗೆ ಏಕೆ ಅಂದುಕೊಂಡ? ತಾವು ಇದನ್ನು ಒಂದು ಸಲವಾದರೂ ಕೇಳಿದಿರಾ?

ಅವನು ಓದಿದ್ದು ಹಳ್ಳಿಯ ಐಗಳ ಮಠದಲ್ಲಿ. ಅಲ್ಲಿಯ ಕಟ್ಟಳೆ ಹೀಗೆ: ಐಗಳು ಬಾಯಿಲೆಕ್ಕ ಹೇಳುತ್ತಾರೆ. ಯಾರಿಗೆ ಮೊದಲು ಹೊಳೆಯಿತೋ ಅವನು ಎದ್ದು ಕೈಕಟ್ಟಿ ಕೂಗಬೇಕು. ಬಂದ ಬಗೆಯನ್ನೂ ಹೇಳಬೇಕು. ಉಳಿದವರೆಲ್ಲ ಅದನ್ನು ಒಟ್ಟಿಗೆ ಹೇಳಿ ತಮ್ಮದು ಮಾಡಿಕೊಳ್ಳಬೇಕು. ಗೊತ್ತಿಲ್ಲದವನಿಗೆ ಅಲ್ಲಿ ಬೆತ್ತವಿಲ್ಲ. ಗೊತ್ತಿದ್ದೂ ಸುಮ್ಮನೆ ಕೂತವನಿಗೆ ಬೆತ್ತ. ಇದನ್ನು ಕೇಳಿ ತಮ್ಮ ಉಪಾಧ್ಯಾಯರು ನಗಬಹುದು. ನನಗೆ ನಗು ಬರುವುದಿಲ್ಲ. ನಾನು ಕಾವ್ಯ ಓದುತ್ತಾ ಬೆಳೆದವಳು. ಪದ್ಯವೆಂಬುದು ಹಾಳೆಯ ಮೇಲೆ ಮಲಗಿರುತ್ತದೆ, ಯಾರಾದರೂ ಗಂಟಲು ಬಿಚ್ಚಿ ಓದಿದಾಗ ಎದ್ದು ಕೂರುತ್ತದೆ. ಒಬ್ಬರು ಓದಿದ್ದು ಜಗಲಿಯಲ್ಲಿ ಕೂತವರಿಗೆಲ್ಲ ಸೇರುತ್ತದೆ, ಓದಿದವರಿಗೆ ಅದರಿಂದ ಒಂದಕ್ಷರವೂ ಕಡಿಮೆಯಾಗುವುದಿಲ್ಲ. ನಮ್ಮ ಸೀಮೆಯಲ್ಲಿ ವಿದ್ಯೆ ಹೀಗೆ ಗಟ್ಟಿ ದನಿಯಲ್ಲಿ ಬದುಕಿಕೊಂಡು ಬಂದಿದೆ. ತಿಳಿದದ್ದನ್ನು ಮೊಣಕೈಯಿಂದ ಮರೆಮಾಡಿಕೊಂಡು ಬರೆಯುವುದನ್ನು ನಾವು ತಮ್ಮ ಶಾಲೆಯಿಂದ ಈಚೆಗೆ ಕಲಿಯುತ್ತಿದ್ದೇವೆ. ಕಲಿಯೋಣ, ಅದಕ್ಕೂ ಅದರ ಉಪಯೋಗ ಇದ್ದೀತು. ಆದರೆ ಕಲಿಯುವ ಮೊದಲೇ ಹಲಗೆಯ ಮೇಲೆ ಹೆಸರು ಬರೆಸಬೇಕೇ?

ನಿಮ್ಮ ಜಗಲಿಯಲ್ಲಿ ಅವನಿಗೆ ಒಂದು ವರ್ಷ ಪಾಠ ಹೇಳಿದ ನೀವೇ ಇದನ್ನು ತಿಳಿಸಬೇಕಿತ್ತಲ್ಲ ಎಂದು ತಾವು ಕೇಳಬಹುದು. ಪರೀಕ್ಷೆಯಲ್ಲಿ ಬಾಯಿ ಬಿಡಬಾರದೆಂದು ನನಗೇ ಗೊತ್ತಿರಲಿಲ್ಲ. ನಾನು ಪಂಡಿತ ಪರೀಕ್ಷೆಗೆ ಕಟ್ಟಿದಾಗ ಅಷ್ಟು ಗಂಡಸರ ನಡುವೆ ಒಬ್ಬ ವಿಧವೆಯನ್ನು ಎಲ್ಲಿ ಕೂರಿಸಬೇಕೆಂದು ಯಾವ ನಿಯಮದಲ್ಲೂ ಇರಲಿಲ್ಲ. ಸರ್ಕಾರದವರು ತಲೆ ಕೆರೆದುಕೊಂಡು, ಕೊನೆಗೆ ನನಗೊಬ್ಬಳಿಗೇ ಒಂದು ಕೋಣೆ ಕೊಟ್ಟರು. ಬಾಗಿಲ ಹೊರಗೆ ಮುದುಕ ಪಂಡಿತರೊಬ್ಬರು ತೂಕಡಿಸುತ್ತಿದ್ದರು. ನಾನು ಪದ್ಯಗಳನ್ನು ಗಟ್ಟಿಯಾಗಿ ಹೇಳಿಕೊಂಡೇ ಅರ್ಥ ಬರೆದೆ. ನನ್ನನ್ನು ಯಾರೂ ಮೋಸಗಾತಿ ಎನ್ನಲಿಲ್ಲ. ತೇರ್ಗಡೆಯಾದೆ.

ಇನ್ನು ತಮ್ಮ ಕಚೇರಿಯ ಸಂಗತಿ. ಹುಡುಗನ ತಾಯಿ ಸಿದ್ದಕ್ಕ ನನ್ನ ಅಣ್ಣನ ಅಂಗಡಿಗೆ ಕಂಬಳಿ ತರುವವಳು. ಅವಳು ತಮ್ಮ ಮುಂದೆ ನಿಂತು ಕೇಳಿದ್ದನ್ನು ತಾವು ಮರೆತಿರಲಾರಿರಿ.

"ಸಾಮೀ, ನನ್ ಮಗ ಯಾರ್ದು ಏನು ಕದ್ದಾನೆ ಹೇಳ್ರಿ. ತಂದು ಕೊಡ್ತೀನಿ."

"ಕದ್ದಿಲ್ಲಮ್ಮ. ಬೇರೆ ಹುಡುಗರಿಗೆ ಉತ್ತರ ಹೇಳಿಕೊಟ್ಟಿದ್ದಾನೆ."

"ಹೇಳ್ಕೊಟ್ರೆ ತಪ್ಪೇನ್ರಿ? ಇಲ್ಲಿ ನೀವು ಮಾಡಾದೂ ಅದೇ ಅಲ್ವಾ?"

ತಮ್ಮ ಗುಮಾಸ್ತರು ಕಿಟಕಿಯ ಕಡೆ ತಿರುಗಿ ಕೆಮ್ಮಿದರು. ತಾವು ನನ್ನ ಕಡೆ ನೋಡಿ, "ನೀವು ಓದಿದವರು. ನಿಯಮ ಎಲ್ಲರಿಗೂ ಒಂದೇ ಎಂದು ಇವಳಿಗೆ ತಿಳಿಸಿ. ಕುರಿ ಕಾಯುವುದೂ ಮರ್ಯಾದೆಯ ಕೆಲಸವೇ" ಎಂದಿರಿ. ಹೌದು ಸ್ವಾಮಿ, ಮರ್ಯಾದೆಯ ಕೆಲಸವೇ. ಅಷ್ಟು ಮರ್ಯಾದೆಯ ಕೆಲಸಕ್ಕೆ ತಮ್ಮ ಮಕ್ಕಳನ್ನೂ ಕಳಿಸಬಹುದಲ್ಲ?

ಹೊರಗೆ ಬಂದ ಮೇಲೆ ಸಿದ್ದಕ್ಕ ಗೇಟಿನ ಹತ್ತಿರ ನಿಂತಳು. "ಅಮ್ಮಾರೆ, ಇದ್ರಾಗೆ ನನ್ ಮಗನ ಹೆಸ್ರು ಎಲ್ಲೈತೆ ತೋರಿಸ್ರಿ" ಎಂದಳು. ತೋರಿಸಿದೆ. ಅಂಗೈಯನ್ನು ಸೀರೆಗೆ ಒರೆಸಿಕೊಂಡು ಆ ಅಕ್ಷರಗಳ ಮೇಲೆ ಇಟ್ಟಳು. "ಅವನ ಹೆಸ್ರು ಬರ್ದಿರಾದು ನಾನು ನೋಡಿದ್ದು ಇದೇ ಮೊದ್ಲು. ಚೆಂದ ಬರ್ದಾರೆ" ಎಂದಳು.

ಮೋಸದ ಮಾತು ಬಂದಿದ್ದರಿಂದ ಇನ್ನೊಂದನ್ನು ಹೇಳಲೇಬೇಕು. ಇದನ್ನು ಬರೆಯುವುದು ನನಗೆ ಸುಲಭವಲ್ಲ. ನನ್ನ ಅಣ್ಣ ರೇವಣಸಿದ್ದಪ್ಪನವರ ಮಗ ಅಂದು ಪರೀಕ್ಷೆಯಲ್ಲಿ ಕರಿಸಿದ್ದನ ಸಾಲಿನಲ್ಲೇ ಕೂತಿದ್ದ. ಅವನ ಹೆಸರು ಅದೇ ಹಲಗೆಯ ಇನ್ನೊಂದು ಮಗ್ಗುಲಲ್ಲಿ, ಆಯ್ಕೆಯಾದವರ ಸಾಲಿನಲ್ಲಿದೆ. ಮನೆಯಲ್ಲಿ ಸಿಹಿ ಮಾಡಿದ ದಿನ ಅವನು ತಟ್ಟೆಯನ್ನು ದೂಡಿ ನನ್ನ ಬಳಿ ಬಂದು ಹೇಳಿದ: "ಅತ್ತೆ, ತೊಟ್ಟಿ ಲೆಕ್ಕ ನಂಗೆ ಬರ್ಲೇ ಇಲ್ಲ. ಅವ್ನು ಕೂಗ್ದ, ನಾವೆಲ್ಲ ಬರ್ಕಂಡ್ವಿ. ಹಿಂದ್ಗಡೆ ಕುಂತಿದ್ದೋನು, ಇನ್ನೊಂದ್ಸಲ ಹೇಳೋ ಅಂದ."

ಅಂದರೆ ಉತ್ತರವನ್ನು ತಾನೇ ಕಂಡುಹಿಡಿದವನು ಹೊರಗೆ, ಅವನ ಬಾಯಿಂದ ಕೇಳಿ ಬರೆದವರು ಒಳಗೆ. ಮೋಸಕ್ಕೆ ಶಿಕ್ಷೆ ಎಂದಾದರೆ ಆ ಸಾಲನ್ನೆಲ್ಲ ಏಕೆ ಎಬ್ಬಿಸಲಿಲ್ಲ? ಆ ಉತ್ತರಕ್ಕೆ ಅವರಿಗೆಲ್ಲ ಅಂಕ ಕೊಟ್ಟಿದ್ದೀರಿ, ಹೇಳಿದವನಿಗೆ ಮಾತ್ರ ಹಲಗೆ ಕೊಟ್ಟಿದ್ದೀರಿ. ಇದು ಯಾವ ಗಣಿತ?

ನಾನು ಇದನ್ನು ಪತ್ರಿಕೆಗೆ ಬರೆಯುತ್ತೇನೆ ಎಂದಾಗ ಅಣ್ಣ ತಲೆ ಮೇಲೆ ಕೈ ಹೊತ್ತು ಕೂತರು. "ನಿನ್ ಅಳಿಯನ ಓದಿಗೆ ನೀನೇ ಕಲ್ಲು ಹಾಕ್ತೀಯೇನವ್ವ? ಆ ಕುರುಬರ ಹುಡುಗ ನಿನಗೆ ಏನಾಗ್ಬೇಕು?" ಏನೂ ಆಗಬೇಕಿಲ್ಲ. ಅಣ್ಣನ ಅನ್ನ ತಿನ್ನುತ್ತಾ ಅಣ್ಣನ ಮಗನ ಮೇಲೆ ದೂರು ಬರೆಯುವವಳಿಗೆ ರಾತ್ರಿ ನಿದ್ದೆ ಬರುವುದಿಲ್ಲ ಎಂಬುದನ್ನೂ ತಾವು ನಂಬಬಹುದು. ಆದರೆ ಅಳಿಯನೇ ಹೇಳಿದ, "ಬರೀರಿ ಅತ್ತೆ. ನಾನು ಇನ್ನೊಂದ್ಸಲ ಬೇಕಾದ್ರೂ ಪರೀಕ್ಷೆಗೆ ಕೂರ್ತೀನಿ." ಆ ಮಗುವಿನ ಧೈರ್ಯದ ಮೇಲೆ ನಾನು ಬರೆಯುತ್ತಿದ್ದೇನೆ. ಅವನನ್ನು ಹೊರಗೆ ಹಾಕಿ ಎಂದು ನಾನು ಕೇಳುತ್ತಿಲ್ಲ. ಯಾರನ್ನೂ ಹೊರಗೆ ಹಾಕಬೇಡಿ. ಹೊರಗೆ ಹಾಕುವುದರಲ್ಲಿ ತಮ್ಮ ಶಾಲೆ ಈಗಾಗಲೇ ಸಾಕಷ್ಟು ನುರಿತಿದೆ.

ಕಳೆದ ವಾರ ಕರಿಸಿದ್ದ ತಾಯಿಯ ಜೊತೆ ನಮ್ಮ ಮನೆಗೆ ಬಂದಿದ್ದ. ಜಗಲಿಯ ತುದಿಯಲ್ಲಿ ಕೂತ. ಮೊದಲಾದರೆ ನಾನು ಕಾವ್ಯದ ಒಂದು ಸಾಲು ಎತ್ತಿದರೆ ಮುಂದಿನ ಸಾಲನ್ನು ಅವನೇ ಕೂಗಿ ಹೇಳಿ, "ನಾನೇ ಮೊದ್ಲು ಹೇಳಿದ್ದು ಅಮ್ಮಾರೆ!" ಎನ್ನುತ್ತಿದ್ದ. ಅಂದು ಅವನ ಮನಸ್ಸು ಹಗುರವಾಗಲಿ ಎಂದು ಒಂದು ಸಣ್ಣ ಲೆಕ್ಕ ಕೇಳಿದೆ. ಕಣ್ಣು ಮುಚ್ಚಿದ. ತುಟಿ ಅಲ್ಲಾಡಿತು. ಉತ್ತರ ಬಂತೆಂದು ಮುಖದಲ್ಲೇ ಕಂಡಿತು. ಆಮೇಲೆ ತಲೆ ತಗ್ಗಿಸಿ ಸುಮ್ಮನೆ ಕೂತ. "ಹೇಳಪ್ಪ" ಎಂದೆ. ತಾಯಿಯೂ "ಹೇಳಲೇ" ಎಂದಳು. ಹೇಳಲಿಲ್ಲ. ಮೊಣಕೈಯನ್ನು ಮೆಲ್ಲಗೆ ಮಡಚಿ, ಏನೂ ಬರೆಯದ ನೆಲವನ್ನು ಮರೆಮಾಡಿಕೊಂಡ.

ಹೆಡ್ಮಾಸ್ತರರೇ, ಸೇರಿಸಿಕೊಳ್ಳದೆಯೇ ತಾವು ಅವನಿಗೆ ಪಾಠ ಕಲಿಸಿಬಿಟ್ಟಿರಿ.

ನನ್ನ ಬೇಡಿಕೆ ದೊಡ್ಡದಲ್ಲ. ಆ ಹಲಗೆಯನ್ನು ಅಳಿಸಿ. ಸಂಕ್ರಾಂತಿಗೆ ಮೊದಲು ಅವನಿಗೆ ಮತ್ತೊಮ್ಮೆ, ತಮಗೆ ಇಷ್ಟ ಬಂದಷ್ಟು ಕಠಿಣವಾದ ಪರೀಕ್ಷೆ ಕೊಡಿ. ನಿಯಮದಲ್ಲಿ ಇಲ್ಲ ಎನ್ನಬೇಡಿ. ನನಗೆ ಕೋಣೆ ಕೊಟ್ಟಾಗಲೂ ನಿಯಮದಲ್ಲಿ ಇರಲಿಲ್ಲ. ಅವನಿಗೂ ಒಂದು ಕೋಣೆ ಕೊಡಿ, ಅವನ ಕೂಗು ಇನ್ನೊಬ್ಬರಿಗೆ ಕೇಳದ ಹಾಗೆ ಬಾಗಿಲು ಹಾಕಿಕೊಳ್ಳಿ. ಹೊರಗೆ ತಾವೇ ಕುರ್ಚಿ ಹಾಕಿಕೊಂಡು ಕೂತಿರಿ. ಒಳಗಿನಿಂದ ದನಿ ಬಂದರೆ ದಯವಿಟ್ಟು ಸುಮ್ಮನಿರಿಸಬೇಡಿ. ಅದು ಬಂದೀತೋ ಇಲ್ಲವೋ ಎಂಬುದೇ ಈಗ ನನ್ನ ಭಯ.

ಇಂತಿ,
ಗೊತ್ತಿದ್ದೂ ಸುಮ್ಮನೆ ಕೂತರೆ ಐಗಳ ಬೆತ್ತ ತನಗೂ ಬಿದ್ದೀತೆಂದು ಹೆದರಿದ,
ಮಹಾದೇವಮ್ಮ
ಚಿತ್ರದುರ್ಗ